ಒಬ್ಬರೇ ಇರುವ ಹೊತ್ತಿಗೆ ಎಂತದು: ಪುಸ್ತಕವೋ, ಸಿನೆಮಾವೋ, ಸೀರೀಸೋ?

ಮಳೆಗಾಲ ಹಿಡಿದ ಕೂಡಲೇ ಪರಿಚಯದವರಿಂದ ಒಂದೇ ನಮೂನೆಯ ಪ್ರಶ್ನೆಗಳು ಬರಲು ಸುರುವಾಗುತ್ತವೆ. “ಒಬ್ಬನೇ ಇದ್ದೇನೆ, ನೋಡಲಿಕ್ಕೆ ಎಂತ ಉಂಟು?” “ಪುಸ್ತಕ ತೆಗೊಳ್ಳುವುದೋ, ಒಟಿಟಿಗೆ ದುಡ್ಡು ಕಟ್ಟುವುದೋ?” ಕೇಳುವವರಲ್ಲಿ ಮಂಗಳೂರಿನ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಬೆಳಗ್ಗಿನ ರೈಲಿಗೆ ಕುಂಬಳೆಯಲ್ಲಿ ಇಳಿಯುವ ನರ್ಸ್ ಇದ್ದಾರೆ. ಮಕ್ಕಳು ಬೆಂಗಳೂರು, ದುಬೈ ಅಂತ ಹೋದ ಮೇಲೆ ಬದಿಯಡ್ಕದ ಹತ್ತಿರ ತೋಟದ ಮನೆಯಲ್ಲಿ ಒಬ್ಬರೇ ಉಳಿದ ನಿವೃತ್ತ ಮೇಷ್ಟ್ರು ಇದ್ದಾರೆ. ಪಿಜಿಯಲ್ಲಿ ಒಂದೇ ರೂಮಿನಲ್ಲಿ ಮೂವರ ಜತೆ ಇದ್ದು, ಇಯರ್‌ಫೋನ್ ಹಾಕಿಕೊಂಡಾಗ ಮಾತ್ರ ಒಬ್ಬಳೇ ಆಗುವ ಕಾಲೇಜು ಹುಡುಗಿಯೂ ಇದ್ದಾಳೆ. ಈ ಮೂವರಿಗೂ ಒಂದೇ ಪಟ್ಟಿ ಕೊಟ್ಟರೆ ಇಬ್ಬರಿಗಂತೂ ಅದು ದಂಡ.

ಹಾಗಾಗಿ ಪಟ್ಟಿಯ ಬದಲು, ನಾನು ಹೇಗೆ ತೂಗಿ ನೋಡುತ್ತೇನೆ ಎಂಬುದನ್ನು ಬರೆಯುತ್ತಿದ್ದೇನೆ. ಹೆಸರುಗಳು ನಡುವೆ ಬರುತ್ತವೆ.

ಮೊದಲು ಅಳತೆಗೋಲು

ಕೃತಿ ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಎರಡನೆಯ ಪ್ರಶ್ನೆ. ಮೊದಲನೆಯದು, ನಿಮ್ಮ ಒಂಟಿ ಹೊತ್ತು ಯಾವ ಆಕಾರದಲ್ಲಿ ಸಿಗುತ್ತದೆ ಎಂಬುದು. ಅರ್ಧರ್ಧ ಗಂಟೆಯ ಚೂರುಗಳಾಗಿಯೋ, ಯಾರೂ ಕರೆಯದ ಒಂದು ಇಡೀ ಸಂಜೆಯಾಗಿಯೋ, ವಾರಗಟ್ಟಲೆ ಹರಡಿಕೊಂಡೋ? ಪುಸ್ತಕದ ವೇಗ ನಿಮ್ಮ ಕೈಯಲ್ಲಿರುತ್ತದೆ. ಬಾಗಿಲು ಬಡಿದರೆ ಬೆರಳಿಟ್ಟು ಮುಚ್ಚಬಹುದು, ಒಂದು ವಾಕ್ಯ ಹಿಡಿಸಿದರೆ ಅಲ್ಲೇ ಕೂರಬಹುದು. ಸಿನೆಮಾ ಎರಡು ಗಂಟೆ ಪೂರ್ತಿ ತನಗೇ ಬೇಕು ಅನ್ನುತ್ತದೆ. ಸೀರೀಸು ಅರ್ಧ ಗಂಟೆ ಅಂತ ಹೇಳಿ ಒಳಗೆ ಬರುತ್ತದೆ, ರಾತ್ರಿ ಒಂದರವರೆಗೆ ಏಳುವುದಿಲ್ಲ.

ಎರಡನೆಯದು, ಆ ಹೊತ್ತಿನಲ್ಲಿ ಕಣ್ಣು, ಕಿವಿ, ಕೈ, ತಲೆ ಇವುಗಳಲ್ಲಿ ಯಾವುದು ಖಾಲಿ ಇರುತ್ತದೆ? ಅಡಿಕೆ ಸುಲಿಯುವವರಿಗೆ, ಅಡುಗೆ ಮಾಡುವವರಿಗೆ ಕಿವಿ ಖಾಲಿ, ಕೈ ಇಲ್ಲ. ರಾತ್ರಿ ಡ್ಯೂಟಿ ಮುಗಿಸಿದವರಿಗೆ ಕೈ ಖಾಲಿ, ತಲೆ ಇಲ್ಲ.

ಮೂರನೆಯದು ಭಾಷೆ. ಕಾಸರಗೋಡಿನ ನಮಗೆ ಇದು ತಾಪತ್ರಯವೂ ಹೌದು, ಲಾಭವೂ ಹೌದು. ಮಲಯಾಳ ಸಿನೆಮಾಕ್ಕೆ ನಮಗೆ ಸಬ್‌ಟೈಟಲ್ ಬೇಡ. ಬೆಂಗಳೂರಿನ ಕನ್ನಡಿಗರಿಗೆ ಈ ಭಾಗ್ಯ ಇಲ್ಲ. ಆದರೆ ಕನ್ನಡ ಶಾಲೆಯಲ್ಲಿ ಕಲಿತ ಹಳೆ ತಲೆಮಾರಿನ ಎಷ್ಟೋ ಜನ ಮಲಯಾಳ ಮಾತಾಡಿದರೂ ಓದುವುದಿಲ್ಲ. ಅವರಿಗೆ ನೋಡಲಿಕ್ಕೆ ಎರಡು ಭಾಷೆ, ಓದಲಿಕ್ಕೆ ಒಂದೇ. ಅದೂ ಅಲ್ಲದೆ ಕನ್ನಡ ಸಿನೆಮಾ ಥಿಯೇಟರಿನಲ್ಲಿ ನೋಡಬೇಕೆಂದರೆ ಹೆಚ್ಚಿನ ಸಲ ಗಡಿಯ ತಲಪಾಡಿ ದಾಟಿಯೇ ಹೋಗಬೇಕು.

ನಾಲ್ಕನೆಯದು ದುಡ್ಡು. ಐದನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಇದು ಒಬ್ಬರೇ ಇದ್ದು ಅನುಭವಿಸುವಂಥದ್ದೋ, ಪಕ್ಕದಲ್ಲಿ ಜನ ಬೇಕಾದದ್ದೋ? ‘ಸ.ಹಿ.ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ 2018ರಲ್ಲಿ ಬಂತು, ರಾಷ್ಟ್ರ ಪ್ರಶಸ್ತಿಯೂ ಬಂತು, ನಮ್ಮದೇ ಶಾಲೆಗಳ ಕತೆ. ಆದರೆ ಅದನ್ನು ಒಬ್ಬರೇ ನೋಡಬೇಡಿ ಎಂದೇ ಹೇಳುತ್ತೇನೆ. ಆ ಮಕ್ಕಳ ತಮಾಷೆಗೆ, ಆ ಘೋಷಣೆಗಳಿಗೆ ಹಾಲ್ ತುಂಬ ಜನ ಬೇಕು. ಕನಿಷ್ಠ ಮನೆಮಂದಿಯಾದರೂ ಬೇಕು. ಖಾಲಿ ರೂಮಿನಲ್ಲಿ ಅರ್ಧ ನಗೆ ಬಾಯಲ್ಲೇ ಉಳಿಯುತ್ತದೆ.

ಪುಸ್ತಕ: ಚೂರು ಹೊತ್ತಿಗೆ ಕತೆ, ಉದ್ದ ಹೊತ್ತಿಗೆ ಕಾದಂಬರಿ

ಹೊತ್ತು ಚೂರು ಚೂರಾಗಿ ಸಿಗುವವರಿಗೆ ಮೊದಲ ಶಿಫಾರಸು ಸಣ್ಣಕತೆ. ರೈಲಿನಲ್ಲಿ ಮಂಜೇಶ್ವರದಿಂದ ಮಂಗಳೂರಿಗೆ ಹೋಗುವಷ್ಟರಲ್ಲಿ ಒಂದು ಕತೆ ಮುಗಿಯುತ್ತದೆ, ಸಂಜೆ ಬರುವಾಗ ಇನ್ನೊಂದು. ನಡುವೆ ಎಂಟು ಗಂಟೆ ಕೆಲಸ ಮಾಡಿದರೂ ಎಳೆ ಕಡಿಯುವುದಿಲ್ಲ, ಯಾಕೆಂದರೆ ಎಳೆ ಆಗಲೇ ಮುಗಿದಿರುತ್ತದೆ. ಜಯಂತ ಕಾಯ್ಕಿಣಿ ಮತ್ತು ವೈದೇಹಿ, ಇಬ್ಬರಲ್ಲಿ ಯಾರಿಂದ ಸುರು ಮಾಡಲಿ ಎಂದು ಕೇಳುವವರಿಗೆ ನನ್ನ ಉತ್ತರ ಹೀಗೆ: ಊರು ಬಿಟ್ಟು ಬಾಡಿಗೆ ರೂಮಿನಲ್ಲಿ ಇರುವವರಾದರೆ ಕಾಯ್ಕಿಣಿ. ಅವರ ಮುಂಬಯಿಯ ಕತೆಗಳ ಜನ ಲೋಕಲ್ ರೈಲು, ಆಸ್ಪತ್ರೆ, ಸಿನೆಮಾ ಥಿಯೇಟರುಗಳ ನಡುವೆ ಒಬ್ಬೊಬ್ಬರೇ ಓಡಾಡುತ್ತ ಗುರುತಿಲ್ಲದವರಿಗೆ ತಟ್ಟನೆ ಹತ್ತಿರವಾಗಿಬಿಡುತ್ತಾರೆ. ಆ ಕತೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾ ಸಾಹಿತ್ಯದ 2018ರ ಡಿಎಸ್‌ಸಿ ಪ್ರಶಸ್ತಿ ಬಂದದ್ದು ಹಲವರಿಗೆ ಗೊತ್ತಿರಬಹುದು. ಮನೆಯೊಳಗಿದ್ದೂ ಒಂಟಿ ಅನ್ನಿಸುವವರಾದರೆ ವೈದೇಹಿ. ಅಡುಗೆಮನೆ, ಜಗಲಿ, ಮದುವೆಮನೆಯ ಗದ್ದಲದ ನಡುವೆ ಒಂದು ಹೆಣ್ಣು ಜೀವ ಎಂತ ಯೋಚಿಸುತ್ತಿರುತ್ತದೆ ಎನ್ನುವುದನ್ನು ಅವರಷ್ಟು ಹತ್ತಿರದಿಂದ ಹಿಡಿದವರು ಕಡಿಮೆ.

ಒಂದು ಭಾನುವಾರ ಇಡೀ ನಿಮ್ಮದಾಗಿದೆ, ದೊಡ್ಡ ಪುಸ್ತಕಕ್ಕೆ ಧೈರ್ಯ ಇಲ್ಲ ಎಂದಾದರೆ ತೆಳ್ಳಗಿನ ಕಾದಂಬರಿ ತೆಗೊಳ್ಳಿ. ನಮ್ಮ ಊರಿನವರಿಗೆ ನಾನು ಮೊದಲು ಹೇಳುವುದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಕಾಸರಗೋಡಿನಲ್ಲೇ 1936ರಲ್ಲಿ ಹುಟ್ಟಿ ಕನ್ನಡದಲ್ಲೇ ಕಲಿತವರು. ಎಂಬತ್ತರ ದಶಕದ ಸುರುವಿನಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕತೆ ಇದು. ಅಪ್ಪನ ಹಟಕ್ಕೆ ಗಂಡನಿಂದ ತಲಾಕ್ ಪಡೆಯಬೇಕಾದ ನಾದಿರಾ, ಪುನಃ ಅದೇ ಗಂಡನನ್ನು ಸೇರಬೇಕಾದರೆ ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಬೇಕು ಎಂಬ ಕಟ್ಟಳೆ. ವಾಕ್ಯಗಳು ಸರಳ, ವರ್ಣನೆಯ ಭಾರ ಇಲ್ಲ, ಮಧ್ಯಾಹ್ನದ ಊಟದ ಮೇಲೆ ಹಿಡಿದರೆ ದೀಪ ಹಚ್ಚುವಷ್ಟರಲ್ಲಿ ಮುಗಿಯುತ್ತದೆ. ಆದರೆ ಒಂದು ಮಾತು: ಮನಸ್ಸು ಮೊದಲೇ ಕುಗ್ಗಿದ್ದರೆ ಇದನ್ನು ಒಬ್ಬರೇ ಇರುವ ರಾತ್ರಿಗೆ ಇಟ್ಟುಕೊಳ್ಳಬೇಡಿ. ಅಂಥ ದಿನಕ್ಕೆ ತೇಜಸ್ವಿಯವರ ‘ಕರ್ವಾಲೊ’ ಇದೆ. ಹಾರುವ ಓತಿಯೊಂದನ್ನು ಹುಡುಕುತ್ತ ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ, ಜೇನು ಹಿಡಿಯುವ ಮಂದಣ್ಣ ಎಲ್ಲರೂ ಕಾಡಿಗೆ ಹೊರಡುವ 1980ರ ಕಾದಂಬರಿ. ಒಬ್ಬರೇ ಕೂತು ಗಟ್ಟಿಯಾಗಿ ನಗಬಹುದಾದ ಕನ್ನಡ ಪುಸ್ತಕಗಳು ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು.

ವಾರಗಟ್ಟಲೆ ಹೊತ್ತಿರುವವರಿಗೆ ಆಯ್ಕೆ ‘ಮಲೆಗಳಲ್ಲಿ ಮದುಮಗಳು’ ಮತ್ತು ‘ಪರ್ವ’ದ ನಡುವೆ. ಕುವೆಂಪು ಅವರದ್ದು 1967ರದ್ದು, ಏಳುನೂರಕ್ಕೂ ಹೆಚ್ಚು ಪುಟ. ಮಳೆ, ಕಾಡು, ಜಿಗಣೆ, ಹತ್ತಾರು ಮನೆತನ. ಹೊರಗೆ ಮಳೆ ಸುರಿಯುತ್ತಿರುವಾಗ ಓದಿದರೆ ಪುಸ್ತಕದ ಮಳೆ ಯಾವುದು, ಅಂಗಳದ ಮಳೆ ಯಾವುದು ಎಂದು ಗೊತ್ತಾಗದಷ್ಟು ಒಳಗೆ ಎಳೆಯುತ್ತದೆ. ಆದರೆ ಮೊದಲಿಗೆ ಪಾತ್ರಗಳ ಸಂತೆಯಲ್ಲಿ ದಾರಿ ತಪ್ಪುತ್ತದೆ. ಭೈರಪ್ಪನವರ ‘ಪರ್ವ’ಕ್ಕೆ (1979) ಆ ತೊಂದರೆ ಇಲ್ಲ, ಪಾತ್ರಗಳೆಲ್ಲ ನಮಗೆ ಸಣ್ಣಂದಿನಿಂದ ಗೊತ್ತು. ಪವಾಡವನ್ನೆಲ್ಲ ತೆಗೆದುಹಾಕಿ ಮಹಾಭಾರತವನ್ನು ಮನುಷ್ಯರ ಕತೆಯಾಗಿ ಹೇಳುವ ಕ್ರಮ ಅದರದ್ದು. ಯಕ್ಷಗಾನ ನೋಡಿ ಬೆಳೆದವರು ಪ್ರತಿ ಅಧ್ಯಾಯದಲ್ಲೂ ಮನಸ್ಸಿನೊಳಗೆ ಜಗಳ ಮಾಡುತ್ತ ಓದುತ್ತಾರೆ, ಒಬ್ಬರೇ ಇದ್ದಾಗ ಇದಕ್ಕಿಂತ ಒಳ್ಳೆ ಜತೆ ಸಿಗುವುದು ಕಷ್ಟ. ಇಷ್ಟವಾಗದೆ ಜಗಳವಾದರೂ ಹೊತ್ತು ಹೋಗುತ್ತದೆ.

ಕವಿತೆಯನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಕಾರಡ್ಕದಲ್ಲಿ ಹುಟ್ಟಿದ ಕೆ.ವಿ. ತಿರುಮಲೇಶರ ‘ಅಕ್ಷಯ ಕಾವ್ಯ’ಕ್ಕೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದಪ್ಪ ಪುಸ್ತಕ, ಕತೆ ಇಲ್ಲ, ಸುರುವಿನಿಂದ ಓದಲೇಬೇಕೆಂದೂ ಇಲ್ಲ. ಎಲ್ಲಿಂದಾದರೂ ತೆರೆದು ಎರಡು ಪುಟ ಓದಿ ಮುಚ್ಚಿಡಬಹುದು. ನಿದ್ರೆ ಬಾರದವರ ತಲೆದಿಂಬಿನ ಪಕ್ಕಕ್ಕೆ ಫೋನಿಗಿಂತ ಇದು ಎಷ್ಟೋ ವಾಸಿ.

ಸಿನೆಮಾ: ಒಂದು ಸಂಜೆ ಪೂರ್ತಿ ಇದ್ದರೆ ಮಾತ್ರ

ಸಿನೆಮಾವನ್ನು ಮೂರು ಕಂತಿನಲ್ಲಿ ನೋಡುವ ಅಭ್ಯಾಸ ಈಗ ಎಲ್ಲರಿಗೂ ಆಗಿದೆ. ಹಾಗೆ ನೋಡುವುದಾದರೆ ಸೀರೀಸೇ ನೋಡಿ, ಅದನ್ನು ಕತ್ತರಿಸಿಯೇ ಮಾಡಿರುತ್ತಾರೆ. ಎರಡು ಗಂಟೆ ಫೋನನ್ನು ಇನ್ನೊಂದು ಕೋಣೆಯಲ್ಲಿ ಇಡಬಲ್ಲವರಿಗೆ ಸಿನೆಮಾ. ಫೋನಿನಲ್ಲೇ ನೋಡುವವರು ವಾಟ್ಸಾಪನ್ನಾದರೂ ಮುಚ್ಚಬೇಕು.

ಈಚಿನ ವರ್ಷಗಳಲ್ಲಿ ಮಲಯಾಳದವರು ನಮ್ಮ ಜಿಲ್ಲೆಗೆ ಕ್ಯಾಮೆರಾ ಹಿಡಿದುಕೊಂಡು ಪದೇ ಪದೇ ಬಂದಿದ್ದಾರೆ. ಅವುಗಳಲ್ಲಿ ಮೂರನ್ನು ಪಕ್ಕಪಕ್ಕ ಇಟ್ಟರೆ ಆಯ್ಕೆ ಸುಲಭವಾಗುತ್ತದೆ. ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’ (2017): ಬಸ್ಸಿನಲ್ಲಿ ಚಿನ್ನದ ಸರ ಕದ್ದವನು ಅದನ್ನು ನುಂಗಿಬಿಡುತ್ತಾನೆ, ಶೇಣಿ ಎಂಬ ಠಾಣೆಯ ಪೊಲೀಸರು ಅವನಿಗೆ ಬಾಳೆಹಣ್ಣು ತಿನ್ನಿಸಿ ತಿನ್ನಿಸಿ ಅದು ಹೊರಬರುವುದನ್ನು ಕಾಯುತ್ತಾರೆ. ಕೇಳಲು ತಮಾಷೆ, ಆದರೆ ನಿಜವಾದ ಆಟ ಇರುವುದು ಫಹದ್ ಫಾಸಿಲ್ ಮುಖದಲ್ಲಿ. ಸರ ಕಳಕೊಂಡವಳ ಗಂಡನ ಹೆಸರು ಪ್ರಸಾದ್. ಕಳ್ಳನೂ ತನ್ನ ಹೆಸರು ಪ್ರಸಾದ್ ಅನ್ನುತ್ತಾನೆ, ಅದೂ ಕಣ್ಣು ಮಿಟುಕಿಸದೆ. ಅವನು ಸುಳ್ಳು ಹೇಳುತ್ತಿದ್ದಾನೋ ಇಲ್ಲವೋ ಎಂದು ಕಣ್ಣಲ್ಲಿ ಹುಡುಕುತ್ತ ಕೂರಬೇಕು. ಪಕ್ಕದಲ್ಲಿ ಮಾತಾಡುವವರಿದ್ದರೆ ಅದು ತಪ್ಪಿಹೋಗುತ್ತದೆ. ಒಂಟಿಯಾಗಿ ನೋಡಲು ಮೂರರಲ್ಲಿ ಇದೇ ಮೊದಲು.

‘ತಿಂಗಳಾಳ್ಚ ನಿಶ್ಚಯಂ’ (2021) ಕಾಞಂಗಾಡಿನ ಒಂದು ಮನೆಯಲ್ಲಿ ಮಗಳ ನಿಶ್ಚಿತಾರ್ಥದ ಗಡಿಬಿಡಿ. ಎರಡು ಗಂಟೆಯ ಒಳಗೆ ಮುಗಿಯುತ್ತದೆ, ಎಲ್ಲರ ಮನೆಯಲ್ಲೂ ಇರುವ ಮಾವ, ಚಿಕ್ಕಪ್ಪ, ನೆರೆಯವರೆಲ್ಲ ಇದ್ದಾರೆ. ಊರು ಬಿಟ್ಟು ದೂರ ಇರುವವರಿಗೆ ಹೇಳಿ ಮಾಡಿಸಿದ್ದು. ಅಂಥದ್ದೇ ಮನೆಯೊಳಗೆ ದಿನಾ ಇರುವವರಿಗೆ ಅಷ್ಟು ಅಗತ್ಯ ಇಲ್ಲ. ‘ನ್ನಾ ತಾನ್ ಕೇಸ್ ಕೊಡ್’ (2022) ರಸ್ತೆಯ ಗುಂಡಿಯಿಂದಾಗಿ ನಾಯಿ ಕಚ್ಚಿಸಿಕೊಂಡ ಹಳೆ ಕಳ್ಳನೊಬ್ಬ ಮಂತ್ರಿಯ ಮೇಲೆಯೇ ಕೇಸು ಹಾಕುವ ಕತೆ. ಕೋರ್ಟಿನ ದೃಶ್ಯಗಳಲ್ಲಿ ಕಾಸರಗೋಡಿನ ಮಲಯಾಳದ ರುಚಿ ಇಡೀ ಉಂಟು. ಆದರೆ ಇದು ನಾಲ್ಕು ಜನ ಸೇರಿ ಚಪ್ಪಾಳೆ ತಟ್ಟುವ ಜಾತಿ. ರಾಷ್ಟ್ರೀಯ ಹೆದ್ದಾರಿಯ ಕೆಲಸದ ನಡುವೆ ದಿನಾ ಓಡಾಡುವವರ ಜತೆ ನೋಡಿದರೆ ಇನ್ನೂ ಒಳ್ಳೆಯದು.

ಕನ್ನಡದ್ದೇ ಬೇಕೆನ್ನುವವರಿಗೆ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008). ಮೂಲ ವೈದೇಹಿಯವರ ಕತೆ. ಸಿನೆಮಾದ ಹುಚ್ಚಿನ ಸೂಲಗಿತ್ತಿ ಗುಲಾಬಿ, ಮೀನುಗಾರರ ಊರು, ಕಾರ್ಗಿಲ್ ಯುದ್ಧದ ದಿನಗಳು. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಡಿಷ್ ಸಮೇತ ಟೀವಿ ಸಿಗುತ್ತದೆ. ಗಂಡಸರು ಮೀನಿಗೆ ಹೋದ ಮೇಲೆ ಊರ ಹೆಂಗಸರು ಅವಳ ಗುಡಿಸಲಿಗೆ ಟೀವಿ ನೋಡಲು ಬರುತ್ತಾರೆ. ಗುಲಾಬಿ ಮುಸ್ಲಿಂ, ಹಾಗಾಗಿ ಕೆಲವರು ಒಳಗೆ ಬರುವುದಿಲ್ಲ, ಹೊರಗೆ ನಿಂತೇ ನೋಡುತ್ತಾರೆ. ಆ ಹೊಸ್ತಿಲಿನ ಮೇಲೆ ಕಾಸರವಳ್ಳಿ ಒಂದು ಭಾಷಣವನ್ನೂ ಹಾಕಿಲ್ಲ. ಉಮಾಶ್ರೀ ಅವರಿಗೆ ರಾಷ್ಟ್ರ ಪ್ರಶಸ್ತಿ ತಂದ ಪಾತ್ರ. ನಿಧಾನದ ಸಿನೆಮಾ ನೋಡಿ ಅಭ್ಯಾಸ ಇಲ್ಲದವರಿಗೆ ಮೊದಲರ್ಧ ತಾಳ್ಮೆ ಬೇಕು. ಅದು ಆಗದು ಎಂದರೆ ‘ತಿಥಿ’ (2015) ನೋಡಿ. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತ ಮೇಲೆ ಹನ್ನೊಂದು ದಿನದ ಕತೆ, ನಟರೆಲ್ಲ ಮಂಡ್ಯ ಕಡೆಯ ಹಳ್ಳಿಯವರೇ. ಅಪ್ಪನ ತಿಥಿಯೂ ಬೇಡ, ಜಮೀನೂ ಬೇಡ ಎಂದು ಹೊಲದಲ್ಲಿ ಒಬ್ಬನೇ ಅಲೆಯುವ ಗಡ್ಡಪ್ಪನನ್ನು ಒಬ್ಬರೇ ಕೂತು ನೋಡುವಾಗ ಸಿಗುವ ಸಮಾಧಾನ ಬೇರೆಯೇ. ಮಂಡ್ಯದ ಮಾತು ನಮಗೆ ಸುರುವಿಗೆ ಒಂದಿಷ್ಟು ಕಷ್ಟ. ಮಲಯಾಳಕ್ಕಿಂತ ಕಷ್ಟ ಎಂದರೂ ತಪ್ಪಲ್ಲ ಮಾರಾಯ್ರೆ.

ಸೀರೀಸು

ಇಲ್ಲಿ ನಾನು ಸ್ವಲ್ಪ ಜಿಪುಣ. ಹತ್ತು ಗಂಟೆ ಕೇಳುವ ಸೀರೀಸುಗಳಲ್ಲಿ ಹೆಚ್ಚಿನವನ್ನು ಎರಡೂವರೆ ಗಂಟೆಯ ಸಿನೆಮಾ ಮಾಡಬಹುದಿತ್ತು. ಹಾಗಾಗಿ ಒಂದೇ ನಿಯಮ: ಸುರು ಮಾಡುವ ಮೊದಲು ಒಟ್ಟು ಎಷ್ಟು ಕಂತು, ಮುಗಿದಿದೆಯೋ ಇಲ್ಲವೋ ನೋಡಿ.

ಪ್ರತಿ ಕಂತಿಗೂ ಬೇರೆ ಕತೆ ಇರುವಂಥದ್ದು ಒಂಟಿ ನೋಡುಗರಿಗೆ ಒಳ್ಳೆಯದು, ನಿದ್ರೆ ಕೆಡಿಸುವುದಿಲ್ಲ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಎಂಬತ್ತರ ದಶಕದ ದೂರದರ್ಶನದ ‘ಮಾಲ್ಗುಡಿ ಡೇಸ್’ ಇಂದಿಗೂ ಈ ಬಗೆಯಲ್ಲಿ ಮೇಲು. ಎಲ್. ವೈದ್ಯನಾಥನ್ ಸಂಗೀತ, ಆರ್.ಕೆ. ಲಕ್ಷ್ಮಣ್ ಗೆರೆಗಳು, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್. ಒಂದು ಕಂತು ಅರ್ಧ ಗಂಟೆಯೂ ಇಲ್ಲ, ಊಟದ ಜತೆ ಒಂದು ಸಾಕು. ಹೊಸತು ಬೇಕಾದರೆ ‘ಏಕಂ’: ಕರಾವಳಿಯಲ್ಲಿ ನಡೆಯುವ ಏಳು ಬಿಡಿ ಕತೆಗಳು, 2024ರ ಜುಲೈಯಲ್ಲಿ ಮಾಡಿದವರೇ ಸ್ವಂತ ವೆಬ್‌ಸೈಟಿನಲ್ಲಿ ಬಿಡುಗಡೆ ಮಾಡಿದ್ದು. ಕನ್ನಡದ ಸೀರೀಸುಗಳನ್ನು ದೊಡ್ಡ ಒಟಿಟಿಗಳು ಎಷ್ಟು ಹಿಂಜರಿದು ತೆಗೆದುಕೊಳ್ಳುತ್ತವೆ ಎಂಬುದಕ್ಕೆ ಇದೇ ಸಾಕ್ಷಿ. ಏಳೂ ಒಂದೇ ಮಟ್ಟದಲ್ಲಿಲ್ಲ, ಆದರೆ ಭಾಷೆ, ಮನೆ, ಮಳೆ ನಮ್ಮದೇ.

ಒಂದೇ ಕತೆ ಎಳೆದುಕೊಂಡು ಹೋಗಬೇಕು ಎನ್ನುವವರಿಗೆ ‘ಕೇರಳ ಕ್ರೈಮ್ ಫೈಲ್ಸ್’ ಮೊದಲ ಸೀಸನ್ (2023). ಲಾಡ್ಜಿನ ಒಂದು ಕೊಲೆ, ಸುಳ್ಳು ವಿಳಾಸ, ಆರೇ ಕಂತು. ಒಂದು ಶನಿವಾರಕ್ಕೆ ಸರಿಹೊಂದುತ್ತದೆ. ಟೀವಿಯ ದಿನವಹಿ ಧಾರಾವಾಹಿಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಆರಂಭ ತಪ್ಪಿದರೂ ನಷ್ಟ ಇಲ್ಲ, ಅಂತ್ಯ ಸಿಗುವುದೂ ಇಲ್ಲ.

ಕೈಗೆ ಕೆಲಸ ಇದ್ದವರಿಗೆ

ಪ್ರಶ್ನೆ ಕೇಳಿದ ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಆದರೆ ನಮ್ಮ ಊರಿನ ಅತ್ಯಂತ ದೊಡ್ಡ ಭಂಡಾರ ಇರುವುದು ಇಲ್ಲೇ. ಯಕ್ಷಗಾನದ್ದೇ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಮತ್ತೆ ಕೂತು ವಾದ ಮಾಡುವ ಅರ್ಥಧಾರಿಗಳು. ಹಾಗಾಗಿ ಧ್ವನಿಮುದ್ರಣದಲ್ಲಿ ಕಳಕೊಳ್ಳುವುದು ಬಹಳ ಕಡಿಮೆ. ಕುಂಬಳೆಯ ಪಾರ್ತಿಸುಬ್ಬ ಬರೆದ ರಾಮಾಯಣ ಪ್ರಸಂಗಗಳು, ಅವಕ್ಕೆ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥ. ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಸಿಗುತ್ತದೆ, ಬಿಟ್ಟಿ. ಶೇಣಿಯವರ ವಾಲಿ ಬಾಣ ತಿಂದು ಬಿದ್ದ ಮೇಲೆ ರಾಮನನ್ನು ಕೇಳುವ ಪ್ರಶ್ನೆಗಳಿಗೆ ಸುಲಿಯುವ ಅಡಿಕೆ ಕೈಯಲ್ಲೇ ಉಳಿಯುತ್ತದೆ. ಕಣ್ಣೂರು, ಕಾಸರಗೋಡಿನ ಬೀಡಿ ಕಂಪೆನಿಗಳಲ್ಲಿ ಒಬ್ಬರು ಪತ್ರಿಕೆ ಓದುವುದು, ಉಳಿದವರು ಬೀಡಿ ಕಟ್ಟುತ್ತ ಕೇಳುವುದು ಇತ್ತಲ್ಲ, ಕಿವಿಯಿಂದ ಓದುವ ಅಭ್ಯಾಸ ನಮಗೆ ಹೊಸತಲ್ಲ. ಆಡಿಯೋ ಪುಸ್ತಕ ಬೇಕೆನ್ನುವವರು ಮೈಲ್ಯಾಂಗ್ ಆ್ಯಪ್ ನೋಡಬಹುದು. ಕನ್ನಡದ ಇ-ಪುಸ್ತಕ, ಆಡಿಯೋ ಎರಡೂ ಅದರಲ್ಲಿವೆ. ಆದರೆ ಒಬ್ಬರೇ ಓದುವ ಆಡಿಯೋ ಪುಸ್ತಕಕ್ಕಿಂತ ಇಬ್ಬರು ಜಗಳವಾಡುವ ತಾಳಮದ್ದಳೆ ಮನೆಯ ಮೌನಕ್ಕೆ ಒಳ್ಳೆ ಮದ್ದು.

ಯಕ್ಷಗಾನದ ಗಾಳಿಗಂಧ ಇಲ್ಲದೆ ಬೆಳೆದವರಿಗೆ ಮಾತ್ರ ಇದನ್ನು ಒತ್ತಾಯಿಸುವುದಿಲ್ಲ.

ದುಡ್ಡಿನ ಲೆಕ್ಕ

ಖರ್ಚು ಮಾಡುವುದೇ ಇಲ್ಲ ಎಂದಾದರೆ ಮೊದಲು ಹತ್ತಿರದ ವಾಚನಾಲಯಕ್ಕೆ ಹೋಗಿ. ಪಿ.ಎನ್. ಪಣಿಕ್ಕರ್ ಕೇರಳದಲ್ಲಿ 1945ರಲ್ಲಿ ಕಟ್ಟಲು ಹೊರಟ ಗ್ರಂಥಾಲಯ ಚಳವಳಿಯ ಫಲ ನಮಗೂ ಸಿಕ್ಕಿದೆ. ಗಡಿಯ ಈಚೆ ಹಳ್ಳಿಹಳ್ಳಿಯಲ್ಲಿ ಇರುವಷ್ಟು ಗ್ರಂಥಾಲಯ ಆಚೆ ಇಲ್ಲ. ನಮ್ಮ ಕಡೆಯ ಹಲವು ವಾಚನಾಲಯಗಳಲ್ಲಿ ಕನ್ನಡದ ಕಪಾಟೂ ಉಂಟು. ಧೂಳು ಹಿಡಿದಿರಬಹುದು, ಕೇಳುವವರಿದ್ದರೆ ಹೊಸ ಪುಸ್ತಕವೂ ಬರುತ್ತದೆ. ಹಳೆಯದನ್ನು ಓದುವವರಿಗೆ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳ ರಾಶಿಯೇ ಇದೆ. ಮಂಜೇಶ್ವರ ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ. ನಮ್ಮ ಕಾಪಿರೈಟ್ ಕಾನೂನಿನ ಅರವತ್ತು ವರ್ಷ 2023ರ ಕೊನೆಗೆ ಮುಗಿಯಿತು, ಈಗ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು ಎಲ್ಲರ ಸೊತ್ತು.

ಕೈಯಲ್ಲಿ ಇನ್ನೂರು, ಮುನ್ನೂರು ರೂಪಾಯಿ ಇದ್ದರೆ ಒಂದು ತೆಳ್ಳಗಿನ ಕಾದಂಬರಿ ಕೊಳ್ಳಿ, ಓದಿದ ಮೇಲೆ ಇನ್ನೊಬ್ಬರ ಪುಸ್ತಕಕ್ಕೆ ಬದಲಾಯಿಸಿ. ಒಟಿಟಿ ಚಂದಾವನ್ನು ಅದಲುಬದಲು ಮಾಡಲು ಆಗುವುದಿಲ್ಲ. ವರ್ಷದ ಚಂದಾ ಸಾವಿರ ರೂಪಾಯಿ ದಾಟುವುದೂ ಉಂಟು. ತಿಂಗಳಿಗೆ ಎರಡು ಸಿನೆಮಾ ನೋಡದವರಿಗೆ ಅದು ಗಿಟ್ಟುವುದಿಲ್ಲ. ಅಂಥವರು ತಿಂಗಳ ಚಂದಾ ಕಟ್ಟಿ, ಬೇಕಾದ್ದನ್ನೆಲ್ಲ ಆ ತಿಂಗಳಲ್ಲೇ ನೋಡಿ ಬಿಡಬೇಕು. ಇಲ್ಲವಾದರೆ ನೋಡಿದ ಸಿನೆಮಾಕ್ಕೆ ಮಾತ್ರ ದುಡ್ಡು ಕೊಡುವ ಕ್ರಮ. 2024ರಲ್ಲಿ ಕೇರಳ ಸರ್ಕಾರ ಸುರು ಮಾಡಿದ ಒಟಿಟಿ ಸಿ-ಸ್ಪೇಸ್ ಆ ನಮೂನೆಯದ್ದು. ಯಾವುದಕ್ಕೆ ಕಟ್ಟುವ ಮೊದಲೂ ನಿಮಗೆ ಬೇಕಾದ ಸಿನೆಮಾ ಈಗ ಅಲ್ಲಿ ಉಂಟೋ ಎಂದು ಹುಡುಕಿ ನೋಡಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಅವು ಜಾಗ ಬದಲಿಸುತ್ತಲೇ ಇರುತ್ತವೆ. ಮಂಗಳೂರಿಗೆ ಹೋಗಿ ಥಿಯೇಟರಿನಲ್ಲಿ ಒಬ್ಬರೇ ಸಿನೆಮಾ ನೋಡುವುದು ಎಲ್ಲಕ್ಕಿಂತ ದುಬಾರಿ, ಆದರೆ ಅಲ್ಲಿ ಯಾರೂ ನಿಮ್ಮನ್ನು ಕರೆಯುವುದಿಲ್ಲ ಎನ್ನುವುದಕ್ಕೂ ಒಂದು ಬೆಲೆ ಇದೆ.

ಕೇಳಿದ ಮೂವರಿಗೆ

ನರ್ಸಮ್ಮನಿಗೆ: ಡ್ಯೂಟಿ ಮುಗಿದ ಬೆಳಗ್ಗೆ ಓದಬೇಡಿ, ನೋಡಬೇಡಿ, ಮಲಗಿ. ರಜೆಯ ದಿನ ‘ತಿಂಗಳಾಳ್ಚ ನಿಶ್ಚಯಂ’. ಡ್ಯೂಟಿಗೆ ಹೋಗುವ ಸಂಜೆಯ ರೈಲಿನಲ್ಲಿ ವೈದೇಹಿ ಅಥವಾ ಕಾಯ್ಕಿಣಿ, ಒಂದೊಂದೇ ಕತೆ. ಸೀರೀಸು ನಿಮಗೆ ಬೇಡ. ನಿದ್ರೆಯ ಸಾಲ ಮೊದಲೇ ಇದೆ.

ಪಿಜಿಯ ಹುಡುಗಿಗೆ ರೂಮ್‌ಮೇಟುಗಳ ಮಾತಿನ ನಡುವೆ ಪುಸ್ತಕ ಕಷ್ಟ. ಇಯರ್‌ಫೋನ್ ಇರುವುದರಿಂದ ‘ಏಕಂ’ನ ಒಂದು ಕತೆ ಅಥವಾ ‘ತೊಂಡಿಮುದಲುಂ’ ಸುರುವಿಗೆ ಸಾಕು. ಪರೀಕ್ಷೆ ಹತ್ತಿರ ಇದ್ದರೆ ಬಿಡಿ ಕತೆಗಳದ್ದು ಮಾತ್ರ.

ಮೇಷ್ಟ್ರಿಗೆ ಹೊತ್ತೂ ಇದೆ, ಕಣ್ಣಿಗೆ ಕನ್ನಡಕವೂ ಇದೆ. ಹಗಲು ಹೊತ್ತಿಗೆ ‘ಮಲೆಗಳಲ್ಲಿ ಮದುಮಗಳು’, ಮೊದಲ ಐವತ್ತು ಪುಟದಲ್ಲಿ ಬರುವವರ ಹೆಸರು, ಮನೆತನ ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಸಣ್ಣ ಅಕ್ಷರ ಆಗದಿದ್ದರೆ ಇ-ಪುಸ್ತಕ ಸಿಗುತ್ತದೋ ನೋಡಿ, ಅಕ್ಷರ ದೊಡ್ಡದು ಮಾಡಬಹುದು. ರಾತ್ರಿಗೆ ಶೇಣಿಯವರ ತಾಳಮದ್ದಳೆ. ಜೂನ್, ಜುಲೈಯಲ್ಲಿ ಗಾಳಿ ಬಂದರೆ ನಿಮ್ಮ ಕಡೆ ಕರೆಂಟೂ ರೇಂಜೂ ಒಟ್ಟಿಗೇ ಹೋಗುತ್ತವೆ, ಆದ್ದರಿಂದ ನಾಲ್ಕಾರು ಪ್ರಸಂಗ ಈಗಲೇ ಫೋನಿಗೆ ಇಳಿಸಿಕೊಂಡು ಚಾರ್ಜ್ ಮಾಡಿ ಇಟ್ಟುಕೊಳ್ಳಿ.